ಪತ್ರಿಕೆ ಸುದ್ದಿ ಕೊಡುತ್ತಿದೆಯೇ, ಪ್ರಚಾರ ಮಾಡುತ್ತಿದೆಯೇ: ಅಳೆದು ತಿಳಿಯುವ ಕ್ರಮ

ಒಂದು ದಿನಪತ್ರಿಕೆಯೋ ನಿಯತಕಾಲಿಕವೋ ರಾಜಕೀಯ ಪ್ರಚಾರದ ಸಾಧನವಾಗಿದೆ ಎಂದು ಹೇಳುವುದು ಸುಲಭ, ಅದನ್ನು ತೋರಿಸಿಕೊಡುವುದು ಕಷ್ಟ. ಈ ಕೆಲಸಕ್ಕೆ ಕೈಹಾಕಿದವರ ಟಿಪ್ಪಣಿಗಳನ್ನು ಓದಿದಾಗ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಅವರು ತಮಗೆ ಸಿಟ್ಟು ಬರಿಸಿದ ಒಂದು ಶೀರ್ಷಿಕೆಯಿಂದ ಶುರು ಮಾಡುತ್ತಾರೆ, ಅದೇ ಬಗೆಯ ಇನ್ನೂ ಹತ್ತನ್ನು ಹುಡುಕುತ್ತಾರೆ, ಸಿಕ್ಕ ಕೂಡಲೇ ತೀರ್ಪು ಬರೆದುಬಿಡುತ್ತಾರೆ. ಹೀಗೆ ಹುಡುಕಿದರೆ ಯಾವ ಪತ್ರಿಕೆಯಲ್ಲಾದರೂ, ಯಾವ ಪಕ್ಷದ ಪರವಾಗಿಯಾದರೂ ಹತ್ತು ಶೀರ್ಷಿಕೆಗಳು ಸಿಕ್ಕೇ ಸಿಗುತ್ತವೆ. ಪ್ರಚಾರವು ಗೋಚರವಾಗುವುದು ತಿಂಗಳುಗಟ್ಟಲೆ ಯಾವುದಕ್ಕೆ ಜಾಗ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬ ವರಸೆಯಲ್ಲಿ. ಆದ್ದರಿಂದ ಮೊದಲು ಅಳೆಯಬೇಕು, ಆಮೇಲೆ ಓದಬೇಕು, ತೀರ್ಪನ್ನು ಕೊನೆಗೆ ಬರೆಯಬೇಕು. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಿದರೆ ಇಡೀ ಲೆಕ್ಕ ಕೆಡುತ್ತದೆ.

## ಕೈಗೆ ಬೇಕಾದ ಸಾಮಗ್ರಿ

30 ಸೆಂಟಿಮೀಟರ್ ಅಳತೆಪಟ್ಟಿ, ಎರಡು ಬಣ್ಣದ ಪೆನ್ಸಿಲ್, ಒಂದು ಭೂತಗನ್ನಡಿ, ಆ ಅವಧಿಯ ಕ್ಯಾಲೆಂಡರ್, ಮನೆ ಹಾಕಿದ ಹಾಳೆ ಅಥವಾ ಎಕ್ಸೆಲ್ ಕಡತ, ಹೋಲಿಕೆಗೆ ಅದೇ ದಿನಗಳ ಇನ್ನೊಂದು ಪತ್ರಿಕೆ. ಇವುಗಳ ಜೊತೆಗೆ ನಿಮ್ಮ ರಾಜಕೀಯ ಒಲವನ್ನು ಹಂಚಿಕೊಳ್ಳದ ಒಬ್ಬ ಎರಡನೆಯ ಓದುಗ ಬೇಕು. ಇವರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ, ಏಕೆಂದರೆ ಕೊನೆಯ ಹಂತದಲ್ಲಿ ಹುಡುಕಹೊರಟರೆ ಯಾರೂ ಸಿಗುವುದಿಲ್ಲ.

ಪತ್ರಿಕೆಯ ಮುದ್ರಿತ ಪ್ರತಿ ಸಿಗದಿದ್ದರೆ ಇ-ಪೇಪರ್ ಅಥವಾ ಗ್ರಂಥಾಲಯದ ಮೈಕ್ರೋಫಿಲ್ಮ್ ನಡೆಯುತ್ತದೆ. ಪತ್ರಿಕೆಯ ವೆಬ್‌ಸೈಟ್‌ನಿಂದ ನಕಲು ಮಾಡಿಕೊಂಡ ಬರಿಯ ಪಠ್ಯ ನಡೆಯುವುದಿಲ್ಲ. ಒಂದು ಸುದ್ದಿ ಮುಖಪುಟದ ಮಡಿಕೆಯ ಮೇಲಿತ್ತೇ, ಒಂಬತ್ತನೆಯ ಪುಟದ ಮೂಲೆಯಲ್ಲಿತ್ತೇ ಎಂಬುದನ್ನು ಪಠ್ಯ ಹೇಳದು.

## ಹಂತ 1: ಪ್ರಶ್ನೆಯನ್ನೂ ನಿಮ್ಮ ಒಲವನ್ನೂ ಬರೆದಿಡಿ

"ಈ ಪತ್ರಿಕೆ ಪಕ್ಷಪಾತಿಯೇ?" ಎಂಬ ಪ್ರಶ್ನೆಯನ್ನು ಅಳೆಯಲಾಗದು. "ಚುನಾವಣೆಗೆ ಮುಂಚಿನ ಮೂರು ತಿಂಗಳಲ್ಲಿ ಆಳುವ ಪಕ್ಷಕ್ಕೂ ಮುಖ್ಯ ವಿರೋಧ ಪಕ್ಷಕ್ಕೂ ಮುಖಪುಟದಲ್ಲಿ ಸಿಕ್ಕ ಜಾಗವೆಷ್ಟು?" ಎಂಬುದನ್ನು ಅಳೆಯಬಹುದು. ಪ್ರಶ್ನೆಯ ಕೆಳಗೆ ಎರಡು ಸಾಲು ಸೇರಿಸಿ: ನಿಮ್ಮ ಒಲವು ಯಾವ ಕಡೆಗಿದೆ, ಯಾವ ಬಗೆಯ ಫಲಿತಾಂಶ ಬಂದರೆ ನಿಮ್ಮ ಅನುಮಾನ ತಪ್ಪೆಂದು ಒಪ್ಪುತ್ತೀರಿ. ಎರಡನೆಯ ಸಾಲನ್ನು ಬರೆಯಲು ಸಾಧ್ಯವಾಗದಿದ್ದರೆ ತೀರ್ಪು ಆಗಲೇ ಮನಸ್ಸಿನಲ್ಲಿ ಆಗಿಹೋಗಿದೆ ಎಂದರ್ಥ. ಅಂಥ ಸ್ಥಿತಿಯಲ್ಲಿ ಕೆಲಸವನ್ನು ಮುಂದುವರಿಸದಿರುವುದೇ ಮೇಲು.

## ಹಂತ 2: ಒಡೆತನ ಮತ್ತು ಹಣದ ಜಾಡು

ಪತ್ರಿಕೆಯ ಪ್ರಿಂಟ್‌ಲೈನ್ (ಯಾರು ಮುದ್ರಿಸಿ ಪ್ರಕಟಿಸುತ್ತಾರೆಂದು ಹೇಳುವ ಸಾಲು) ಸಾಮಾನ್ಯವಾಗಿ ಕೊನೆಯ ಪುಟದ ಅಡಿಯಲ್ಲೋ ಸಂಪಾದಕೀಯ ಪುಟದಲ್ಲೋ ಇರುತ್ತದೆ. ಮುದ್ರಕ, ಪ್ರಕಾಶಕ, ಸಂಪಾದಕ, ಒಡೆತನದ ಸಂಸ್ಥೆ, ಇಷ್ಟನ್ನೂ ಬರೆದುಕೊಳ್ಳಿ. ಆ ಸಂಸ್ಥೆಗೆ ಬೇರೆ ಯಾವ ಉದ್ದಿಮೆಗಳಿವೆ, ಸರ್ಕಾರದ ಗುತ್ತಿಗೆ ಅಥವಾ ಪರವಾನಗಿಯ ಮೇಲೆ ಅವು ಎಷ್ಟು ಅವಲಂಬಿಸಿವೆ ಎಂಬುದನ್ನು ಸಾರ್ವಜನಿಕ ದಾಖಲೆಗಳಿಂದ ನೋಡಿ. ಬಳಿಕ ಜಾಹೀರಾತುಗಳಲ್ಲಿ ಸರ್ಕಾರದ್ದೆಷ್ಟು, ಪಕ್ಷಗಳದ್ದೆಷ್ಟು, ಖಾಸಗಿಯದೆಷ್ಟು ಎಂದು ಬೇರೆ ಬೇರೆ ಎಣಿಸಿ.

ಇಲ್ಲಿ ಒಂದು ಭೇದವನ್ನು ಕಾಪಾಡಿಕೊಳ್ಳಬೇಕು. ಜರ್ಮನಿಯ ನಾತ್ಸಿ ಪಕ್ಷವು 1920ರ ಡಿಸೆಂಬರ್‌ನಲ್ಲಿ ‘ಫೋಲ್ಕಿಶರ್ ಬೆಯೊಬಾಖ್ಟರ್’ ಪತ್ರಿಕೆಯನ್ನು ಕೊಂಡು ತನ್ನ ಮುಖವಾಣಿಯಾಗಿಸಿಕೊಂಡಿತು. ಅದು ಯಾರ ಪತ್ರಿಕೆ ಎಂಬುದು ಸಂಚಿಕೆ ಕೊಂಡು ಓದುವವನಿಗೆ ಗೊತ್ತಿತ್ತು. ಚಿಲಿಯ ‘ಎಲ್ ಮೆರ್ಕುರಿಯೊ’ ದಿನಪತ್ರಿಕೆಯ ವಿಷಯ ಬೇರೆ. ಅಲ್ಲಿನ ಚುನಾಯಿತ ಸರ್ಕಾರವನ್ನು ವಿರೋಧಿಸುತ್ತಿದ್ದ ಆ ಪತ್ರಿಕೆಗಾಗಿ ಅಮೆರಿಕದ ಸರ್ಕಾರವು ಗುಪ್ತಚರ ಸಂಸ್ಥೆ ಸಿಐಎ ಮೂಲಕ ಕೊಡಲು 1971ರ ಸೆಪ್ಟೆಂಬರ್‌ನಲ್ಲಿ 7 ಲಕ್ಷ ಡಾಲರ್, 1972ರ ಏಪ್ರಿಲ್‌ನಲ್ಲಿ 9.65 ಲಕ್ಷ ಡಾಲರ್ ಮಂಜೂರು ಮಾಡಿದ್ದು 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವರದಿಯಿಂದ ಹೊರಬಂತು. ಬಹಿರಂಗ ಮುಖವಾಣಿಯ ಓದುಗನಿಗೆ ಎಚ್ಚರವಾಗಿರುವ ಅವಕಾಶವಾದರೂ ಇರುತ್ತದೆ. ಗುಟ್ಟಿನ ಹಣ ಆ ಅವಕಾಶವನ್ನೇ ಕಸಿಯುತ್ತದೆ. ಹಾಳೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಕಾಲಂ ಇರಲಿ.

ಸಾಮಾನ್ಯ ತಪ್ಪು: ಒಡೆಯ ರಾಜಕಾರಣಿ ಎಂದು ಗೊತ್ತಾದ ಕೂಡಲೇ ಕೆಲಸ ಮುಗಿಯಿತೆಂದುಕೊಳ್ಳುವುದು. ಒಡೆತನವು ಎಲ್ಲಿ ನೋಡಬೇಕೆಂಬುದನ್ನು ಮಾತ್ರ ತೋರಿಸುತ್ತದೆ. ಪುಟಗಳಲ್ಲಿ ಏನಾಗಿದೆ ಎಂಬುದನ್ನು ಪುಟಗಳಿಂದಲೇ ಸಾಧಿಸಬೇಕು.

## ಹಂತ 3: ಸಂಚಿಕೆಗಳನ್ನು ಚೀಟಿ ಎತ್ತಿ ಆರಿಸಿ

ಮೂರು ತಿಂಗಳ ಎಲ್ಲ ಸಂಚಿಕೆಗಳನ್ನು ಅಳೆಯಲು ಒಬ್ಬರಿಂದ ಆಗದು, ಮನಸ್ಸಿಗೆ ಬಂದವನ್ನು ಆರಿಸಿಕೊಳ್ಳುವಂತೆಯೂ ಇಲ್ಲ. ಇದಕ್ಕೆ ಪತ್ರಿಕಾ ಸಂಶೋಧಕರು ಬಳಸುವ ಸರಳ ಉಪಾಯವೊಂದಿದೆ. ಮೂರು ತಿಂಗಳಲ್ಲಿ ಸುಮಾರು 13 ಸೋಮವಾರಗಳಿರುತ್ತವೆ. ಅವುಗಳ ತಾರೀಖುಗಳನ್ನು ಚೀಟಿಗಳಲ್ಲಿ ಬರೆದು, ಕಣ್ಣುಮುಚ್ಚಿ ಎರಡನ್ನು ಎತ್ತಿ. ಮಂಗಳವಾರದಿಂದ ಭಾನುವಾರದವರೆಗೂ ಹೀಗೆಯೇ ಮಾಡಿದರೆ 14 ಸಂಚಿಕೆಗಳ ಎರಡು ‘ಕಟ್ಟಿದ ವಾರ’ಗಳು ಸಿದ್ಧವಾಗುತ್ತವೆ. ವಾರದ ಪ್ರತಿಯೊಂದು ದಿನಕ್ಕೂ ತನ್ನದೇ ಗುಣವಿರುತ್ತದೆ. ಭಾನುವಾರದ ಪುರವಣಿ, ರಜೆಯ ದಿನ ನಡೆದ ಸಮಾವೇಶಗಳಿಂದ ತುಂಬಿದ ಸೋಮವಾರದ ಮುಖಪುಟ, ಇವೆಲ್ಲ ಸಮನಾಗಿ ಬರಬೇಕಾದರೆ ಇದೇ ದಾರಿ.

ಎಲ್ಲ ಸಂಚಿಕೆಗಳೂ ಒಂದೇ ಆವೃತ್ತಿಯವಾಗಿರಬೇಕು. ಒಂದೇ ಪತ್ರಿಕೆಯ ಎರಡು ಊರಿನ ಆವೃತ್ತಿಗಳ ಮುಖಪುಟ ಬೇರೆ ಬೇರೆ ಇರುತ್ತದೆ ಎಂಬುದನ್ನು ಗಮನಿಸದೆ ನಾನೊಮ್ಮೆ ಬೆರೆಸಿ ಅಳೆದು, ಒಂಬತ್ತು ದಿನಗಳ ಲೆಕ್ಕವನ್ನು ಪೂರ್ತಿ ಕೈಬಿಡಬೇಕಾಯಿತು. ಚೀಟಿಯಲ್ಲಿ ಬಂದ ದಿನ ದೊಡ್ಡ ಅಪಘಾತವೋ ನಾಯಕರ ನಿಧನವೋ ಆಗಿದ್ದರೂ ಆ ಸಂಚಿಕೆಯನ್ನು ಬದಲಿಸಬೇಡಿ. ಹಾಳೆಯಲ್ಲಿ ಅದನ್ನು ನಮೂದಿಸಿದರೆ ಸಾಕು.

## ಹಂತ 4: ಓದುವ ಮುನ್ನ ಅಳೆಯಿರಿ

ಅಳತೆಯ ಮಾನ ‘ಕಾಲಂ ಸೆಂಟಿಮೀಟರ್’. ಒಂದು ಸುದ್ದಿ ಎಷ್ಟು ಕಾಲಂ ಅಗಲವಿದೆಯೋ ಅದನ್ನು ಅದರ ಎತ್ತರದಿಂದ ಗುಣಿಸಿ. ಉದಾಹರಣೆಗೆ, ಒಂದು ಪಕ್ಷದ ಸಮಾವೇಶದ ವರದಿ 4 ಕಾಲಂ ಅಗಲ, 18 ಸೆಂಟಿಮೀಟರ್ ಎತ್ತರವಿದ್ದರೆ 72 ಕಾಲಂ ಸೆಂಟಿಮೀಟರ್. ಅದೇ ದಿನ ಇನ್ನೊಂದು ಪಕ್ಷದ ಸಮಾವೇಶ ಒಳಪುಟದಲ್ಲಿ 1 ಕಾಲಂ, 7 ಸೆಂಟಿಮೀಟರ್ ಇದ್ದರೆ ಬರಿಯ 7. ಕಣ್ಣಿಗೆ "ಎರಡೂ ಬಂದಿವೆಯಲ್ಲ" ಎನಿಸುತ್ತದೆ, ಅಳತೆಪಟ್ಟಿ ಹತ್ತುಪಟ್ಟು ವ್ಯತ್ಯಾಸವನ್ನು ತೋರಿಸುತ್ತದೆ.

ಪ್ರತಿಯೊಂದು ಸುದ್ದಿಗೂ ತಾರೀಖು, ಪುಟ, ಮಡಿಕೆಯ ಮೇಲೋ ಕೆಳಗೋ, ಶೀರ್ಷಿಕೆಯ ಅಗಲ, ಒಟ್ಟು ಅಳತೆ, ಫೋಟೊ ಅಳತೆ, ಬೈಲೈನ್ (ವರದಿಗಾರನ ಹೆಸರು) ಇದೆಯೇ, ಯಾವ ಪಕ್ಷಕ್ಕೆ ಸಂಬಂಧಿಸಿದೆ, ಪರವೋ ವಿರುದ್ಧವೋ ತಟಸ್ಥವೋ ಎಂಬ ಒಂಬತ್ತು ವಿವರಗಳನ್ನು ತುಂಬಿ. ಕೊನೆಯ ಕಾಲಂ ತುಂಬುವುದಕ್ಕೆ ಒಂದು ನಿಯಮವನ್ನು ಮೊದಲೇ ಬರೆದಿಡಿ. ಉದಾಹರಣೆಗೆ, "ಶೀರ್ಷಿಕೆ ಮತ್ತು ಮೊದಲ ಪ್ಯಾರಾ ಮಾತ್ರ ನೋಡಿ ನಿರ್ಧರಿಸುವುದು, ಸಂದೇಹವಿದ್ದರೆ ತಟಸ್ಥ" ಎಂಬ ನಿಯಮ ಸಾಕು. ನಿಯಮವಿಲ್ಲದೆ ತುಂಬಿದರೆ ಬೆಳಿಗ್ಗೆಯ ಅಳತೆಗೂ ಸಂಜೆಯ ಅಳತೆಗೂ ತಾಳೆಯಾಗದು.

ಈ ಹಂತದಲ್ಲಿ ಹೆಚ್ಚಿನವರು ಜಾರುವ ಜಾಗವೊಂದಿದೆ. ಅಧಿಕಾರದಲ್ಲಿರುವವರು ಆದೇಶ ಹೊರಡಿಸುತ್ತಾರೆ, ಉದ್ಘಾಟನೆ ಮಾಡುತ್ತಾರೆ, ವಿದೇಶಕ್ಕೆ ಹೋಗುತ್ತಾರೆ. ಆದ್ದರಿಂದ ಯಾವ ಪ್ರಾಮಾಣಿಕ ಪತ್ರಿಕೆಯಲ್ಲೂ ಅವರಿಗೆ ಹೆಚ್ಚು ಜಾಗ ಸಿಗುತ್ತದೆ. ಆಳುವ ಪಕ್ಷಕ್ಕೆ ಶೇ 60ರಷ್ಟು ಜಾಗ ಎಂಬ ಲೆಕ್ಕ ತಾನಾಗಿಯೇ ಏನನ್ನೂ ಸಾಧಿಸುವುದಿಲ್ಲ. ಆ ಅಂಕಿಯನ್ನು ಎರಡರ ಪಕ್ಕದಲ್ಲಿಡಬೇಕು: ಅದೇ ದಿನಗಳ ಇನ್ನೊಂದು ಪತ್ರಿಕೆಯ ಅಂಕಿ, ಮತ್ತು ಎದುರು ಪಕ್ಷ ಅಧಿಕಾರದಲ್ಲಿದ್ದಾಗ ಇದೇ ಪತ್ರಿಕೆ ಅದಕ್ಕೆ ಕೊಟ್ಟ ಜಾಗದ ಅಂಕಿ. ಎರಡನೆಯ ಹೋಲಿಕೆಗೆ ಹಳೆಯ ಸಂಚಿಕೆಗಳ ಕಟ್ಟನ್ನು ಬಿಚ್ಚಬೇಕಾಗುತ್ತದೆ. ಶ್ರಮದ ಕೆಲಸವೆಂದು ಇದನ್ನು ಬಿಟ್ಟವರ ತೀರ್ಮಾನಗಳನ್ನು ನಾನು ನಂಬುವುದಿಲ್ಲ.

## ಹಂತ 5: ಕ್ರಿಯಾಪದಗಳನ್ನು ಎಣಿಸಿ, ಕರ್ತೃವನ್ನು ಹುಡುಕಿ

ಈಗ ಓದಲು ಕೂರಬಹುದು. ಬೈಗುಳಕ್ಕಾಗಿ ಹುಡುಕಬೇಡಿ, ನುರಿತ ಪ್ರಚಾರಕ ಬೈಯುವುದಿಲ್ಲ. ಅವನ ಕೆಲಸವನ್ನು ಕ್ರಿಯಾಪದಗಳು ಮಾಡುತ್ತವೆ. ಒಬ್ಬ ನಾಯಕ ‘ಹೇಳಿದರು’ ಎಂಬುದು ಸಮತೂಕದ ಮಾತು. ‘ಸ್ಪಷ್ಟಪಡಿಸಿದರು’ ಎಂದರೆ ಅವರ ಮಾತು ನಿಜವೆಂದು ವರದಿಗಾರನೇ ಮುದ್ರೆ ಒತ್ತಿದಂತೆ. ‘ಸಮರ್ಥಿಸಿಕೊಂಡರು’ ಎಂದರೆ ತಪ್ಪು ನಡೆದಿದೆ ಎಂಬ ಊಹೆ ಒಳಗೇ ಇದೆ. ‘ಆರೋಪಿಸಿದರು’ ಎಂದರೆ ಆಧಾರವಿದೆಯೋ ಇಲ್ಲವೋ ಎಂಬ ಅನುಮಾನ ಬೆರೆಯುತ್ತದೆ. ‘ಗುಡುಗಿದರು’ ಎಂದಾಗ ಶೌರ್ಯ ಕಾಣುತ್ತದೆ, ‘ಹರಿಹಾಯ್ದರು’ ಎಂದಾಗ ಅಸಹನೆ ಕಾಣುತ್ತದೆ, ಕೂಗಿದ ದನಿ ಎರಡರಲ್ಲೂ ಒಂದೇ ಆಗಿದ್ದಿರಬಹುದು. ಒಂದೊಂದು ಪಕ್ಷದ ನಾಯಕರಿಗೂ ಯಾವ ಕ್ರಿಯಾಪದ ಎಷ್ಟು ಸಲ ಬಂದಿದೆ ಎಂದು ಎರಡು ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತ ಹೋಗಿ. 14 ಸಂಚಿಕೆ ಮುಗಿಯುವ ಹೊತ್ತಿಗೆ ಒಂದು ಬಣ್ಣ ‘ಸ್ಪಷ್ಟಪಡಿಸಿದರು’ ಸುತ್ತಲೂ ಇನ್ನೊಂದು ಬಣ್ಣ ‘ಆರೋಪಿಸಿದರು’ ಸುತ್ತಲೂ ಗುಂಪುಗೂಡಿದ್ದರೆ ಅದು ಬಲವಾದ ಸಾಕ್ಷ್ಯ.

ಕನ್ನಡದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಸಾಧನವಿದೆ. ‘ಏರು’ ಮತ್ತು ‘ಏರಿಸು’, ‘ಇಳಿ’ ಮತ್ತು ‘ಇಳಿಸು’, ಈ ಜೋಡಿಗಳನ್ನು ಗಮನಿಸಿ. "ದರ ಏರಿತು" ಎಂಬ ಶೀರ್ಷಿಕೆಯಲ್ಲಿ ಏರಿಸಿದವನು ಯಾರೆಂಬುದು ಮಾಯವಾಗುತ್ತದೆ, ಮಳೆ ಬಂದಂತೆ ದರ ತಾನಾಗಿಯೇ ಏರಿದಂತಿರುತ್ತದೆ. "ದರ ಇಳಿಸಿದ ಸರ್ಕಾರ" ಎಂಬಲ್ಲಿ ಕರ್ತೃ ಎದ್ದು ನಿಂತಿರುತ್ತಾನೆ. ಒಂದು ಪತ್ರಿಕೆಯಲ್ಲಿ ಒಳ್ಳೆಯದಕ್ಕೆಲ್ಲ ಕರ್ತೃವಿದ್ದು ಕೆಟ್ಟದ್ದಕ್ಕೆಲ್ಲ ಕರ್ತೃವಿಲ್ಲದಿದ್ದರೆ, ಅದನ್ನು ಪಟ್ಟಿ ಮಾಡಿ. "ಘರ್ಷಣೆ: ಮೂವರು ಬಲಿ" ಎಂಬ ಕ್ರಿಯಾಪದವೇ ಇಲ್ಲದ ಶೀರ್ಷಿಕೆಯೂ ಇದೇ ಜಾತಿಯದು. ಗುಂಡು ಹಾರಿಸಿದವರು ಯಾರೆಂದು ತಿಳಿಯಲು ಎಷ್ಟನೆಯ ಪ್ಯಾರಾದವರೆಗೆ ಓದಬೇಕಾಯಿತು ಎಂಬ ಸಂಖ್ಯೆಯನ್ನು ಹಾಳೆಯಲ್ಲಿ ಬರೆಯಿರಿ.

ಮೂಲದ ಹೆಸರಿಲ್ಲದ ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಮೂಲಗಳು ತಿಳಿಸಿವೆ’ ಎಂಬುವನ್ನೂ ಎಣಿಸಬೇಕು. ಮೂಲವನ್ನು ಮುಚ್ಚಿಡಬೇಕಾದ ನ್ಯಾಯವಾದ ಸಂದರ್ಭಗಳು ವರದಿಗಾರಿಕೆಯಲ್ಲಿವೆ. ಆದರೆ ಹೆಸರಿಲ್ಲದ ಮೂಲಗಳೆಲ್ಲ ಒಂದೇ ಪಕ್ಷಕ್ಕೆ ಹಾನಿಯಾಗುವಂತೆ ಮಾತನಾಡುತ್ತಿದ್ದರೆ ಅದು ಎಚ್ಚರಿಕೆಯ ಚಿಹ್ನೆ. ಗೌರವದ ರೂಪಗಳನ್ನು ಕೊನೆಗೆ ನೋಡಿ. ಒಬ್ಬರಿಗೆ ‘ಅವರು’, ಇನ್ನೊಬ್ಬರಿಗೆ ಏಕವಚನ ಎಂಬ ಭೇದ ಶೀರ್ಷಿಕೆಯ ಜಾಗದ ಕೊರತೆಯಿಂದ ಬಂದದ್ದೋ ಅಲ್ಲವೋ ಎಂಬುದನ್ನು ಒಳಗಿನ ವರದಿಯ ಭಾಷೆ ಹೇಳುತ್ತದೆ.

ಶೀರ್ಷಿಕೆಯನ್ನು ವರದಿಯ ಕೊನೆಯ ಪ್ಯಾರಾದ ಜೊತೆ ಹೋಲಿಸುವುದನ್ನು ಮರೆಯಬೇಡಿ. ಎದುರು ಪಕ್ಷದ ಪ್ರತಿಕ್ರಿಯೆ, ಅಂಕಿಯ ತಿದ್ದುಪಡಿ, ಆರೋಪಕ್ಕೆ ಪುರಾವೆ ಸಿಕ್ಕಿಲ್ಲವೆಂಬ ಮಾತು, ಇವೆಲ್ಲ ಸಾಮಾನ್ಯವಾಗಿ ಅಲ್ಲಿ ಹೂತಿರುತ್ತವೆ.

## ಹಂತ 6: ಫೋಟೊ ಮತ್ತು ಅಡಿಬರಹ

ಭೂತಗನ್ನಡಿ ಹಿಡಿಯಬೇಕಾದುದು ಇಲ್ಲಿ. 1920ರ ಮೇ 5ರಂದು ಮಾಸ್ಕೋದಲ್ಲಿ ಲೆನಿನ್ ಭಾಷಣ ಮಾಡುತ್ತಿದ್ದಾಗ ತೆಗೆದ ಪ್ರಸಿದ್ಧ ಛಾಯಾಚಿತ್ರದಲ್ಲಿ ವೇದಿಕೆಯ ಮೆಟ್ಟಿಲ ಮೇಲೆ ಅವನ ಜೊತೆಗಾರ ನಾಯಕರಾದ ಟ್ರಾಟ್‌ಸ್ಕಿ ಮತ್ತು ಕಾಮೆನೆವ್ ನಿಂತಿದ್ದರು. ಲೆನಿನ್ ನಂತರ ಅಧಿಕಾರ ಹಿಡಿದ ಸ್ಟಾಲಿನ್‌ಗೆ ಅವರು ಬೇಡವಾದ ಮೇಲೆ ಅಚ್ಚಾದ ಪ್ರತಿಗಳಲ್ಲಿ ಅವರಿಬ್ಬರೂ ಇರಲಿಲ್ಲ. ಅಷ್ಟು ದೊಡ್ಡ ಕೈಚಳಕ ಅಪರೂಪ. ದಿನನಿತ್ಯ ಸಿಗುವುದು ಚಿಕ್ಕವು: ಜನ ತುಂಬಿದ ಮೂಲೆಯನ್ನಷ್ಟೇ ಕತ್ತರಿಸಿ ಹಾಕಿದ ಸಭೆಯ ಚಿತ್ರ, ಒಬ್ಬ ನಾಯಕನ ಬಾಯಿ ತೆರೆದ ಕ್ಷಣ, ಇನ್ನೊಬ್ಬನ ನಗುಮುಖ, ಹಳೆಯ ಚಿತ್ರವನ್ನು ‘ಸಂಗ್ರಹ ಚಿತ್ರ’ ಎಂದು ಹೇಳದೆ ಬಳಸಿದ್ದು.

ಅದೇ ಘಟನೆಯ ಚಿತ್ರವನ್ನು ಇನ್ನೊಂದು ಪತ್ರಿಕೆಯಲ್ಲಿ ನೋಡಿ, ಚೌಕಟ್ಟಿನ ಹೊರಗೆ ಏನು ಉಳಿಯಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಬಳಿಕ ಅಡಿಬರಹವನ್ನು ಕೈಯಿಂದ ಮುಚ್ಚಿ, ಚಿತ್ರ ಮಾತ್ರ ಏನು ಹೇಳುತ್ತದೆ ಎಂದು ಕೇಳಿಕೊಳ್ಳಿ. ಚಿತ್ರದಲ್ಲಿಲ್ಲದ ಸಂಗತಿಯನ್ನು ಅಡಿಬರಹ ಹೇರುತ್ತಿದ್ದರೆ ಅದು ತಾನಾಗಿ ಬಯಲಾಗುತ್ತದೆ.

## ಹಂತ 7: ಬಾರದ ಸುದ್ದಿಯ ಪಟ್ಟಿ

ಇದು ಅತ್ಯಂತ ಕಷ್ಟದ ಹಂತ. ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದುದೂ ಇದೇ. ಅಚ್ಚಾದ ಸುಳ್ಳನ್ನು ಯಾರಾದರೂ ಹಿಡಿಯಬಹುದು, ಅಚ್ಚಾಗದ ಸತ್ಯ ಯಾರ ಕೈಗೂ ಸಿಗುವುದಿಲ್ಲ. 1932-33ರಲ್ಲಿ ಉಕ್ರೇನ್‌ನಲ್ಲಿ ಹತ್ತಾರು ಲಕ್ಷ ಜನ ಹಸಿವಿನಿಂದ ಸತ್ತಾಗ ಸೋವಿಯತ್ ಪತ್ರಿಕೆಗಳು ಕ್ಷಾಮವನ್ನು ಒಪ್ಪಿಕೊಳ್ಳಲಿಲ್ಲ. ಆ ಕಾಲದ ಸಂಚಿಕೆಗಳಲ್ಲಿ ಎಷ್ಟೇ ಸೆಂಟಿಮೀಟರ್ ಅಳೆದರೂ ಕ್ಷಾಮ ಸಿಗುವುದಿಲ್ಲ, ಏಕೆಂದರೆ ಅದು ಪುಟದಲ್ಲೇ ಇಲ್ಲ.

ಆದ್ದರಿಂದ ಪಟ್ಟಿಯನ್ನು ಪತ್ರಿಕೆಯ ಹೊರಗಿನಿಂದ ಕಟ್ಟಬೇಕು. ಆ 14 ದಿನಗಳ ನ್ಯಾಯಾಲಯದ ತೀರ್ಪುಗಳು, ಲೆಕ್ಕಪರಿಶೋಧನೆಯ ವರದಿಗಳು, ಶಾಸನಸಭೆಯ ನಡಾವಳಿ, ಸುದ್ದಿಸಂಸ್ಥೆಗಳು ಕಳುಹಿಸಿದ ಮುಖ್ಯ ಸುದ್ದಿಗಳು, ಎದುರು ನಿಲುವಿನ ಪತ್ರಿಕೆಯ ಮುಖಪುಟ, ಇಷ್ಟರಿಂದ ಇಪ್ಪತ್ತು ಮೂವತ್ತು ಘಟನೆಗಳನ್ನು ಆರಿಸಿ. ನಿಮ್ಮ ಪತ್ರಿಕೆಯಲ್ಲಿ ಪ್ರತಿಯೊಂದೂ ಬಂದಿತೇ, ಎಷ್ಟು ದಿನ ತಡವಾಗಿ ಬಂದಿತು, ಎಷ್ಟನೆಯ ಪುಟದಲ್ಲಿ ಎಂದು ಗುರುತಿಸಿ. ಪ್ರಕಟವಾದ ತಪ್ಪಿಗೆ ತಿದ್ದುಪಡಿ ಹಾಕಿದ್ದಾರೆಯೇ, ಹಾಕಿದ್ದರೆ ಮೂಲ ಸುದ್ದಿಯ ಅಳತೆಯೆಷ್ಟು, ತಿದ್ದುಪಡಿಯ ಅಳತೆಯೆಷ್ಟು ಎಂಬುದನ್ನೂ ಸೇರಿಸಿ.

ಒಂದು ಎಚ್ಚರಿಕೆ. ಸುದ್ದಿ ಬಾರದಿರುವುದಕ್ಕೆ ಪತ್ರಿಕೆಯ ಇಚ್ಛೆಯೇ ಕಾರಣವೆಂದು ಊಹಿಸಬಾರದು. ಭಾರತದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಸೆನ್ಸಾರ್ ಬಿದ್ದಾಗ ‘ಇಂಡಿಯನ್ ಎಕ್ಸ್‌ಪ್ರೆಸ್’ 1975ರ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚುಹಾಕಿತು. ಅಳತೆಪಟ್ಟಿಗೆ ಅದು ಬರಿಯ ಬಿಳಿ ಜಾಗ, ಓದುಗನಿಗೆ ಅದೇ ಸುದ್ದಿ. ಆ ಅವಧಿಯ ಸೆನ್ಸಾರ್ ನಿಯಮಗಳನ್ನು ತಿಳಿದುಕೊಳ್ಳದೆ ಈ ಹಂತದ ಫಲಿತಾಂಶ ಬರೆಯಬೇಡಿ.

## ಹಂತ 8: ತಾರೀಖುಗಳನ್ನು ಕ್ಯಾಲೆಂಡರ್ ಮೇಲಿಡಿ

ದೊಡ್ಡ ‘ಬಯಲು’ ಸುದ್ದಿಗಳನ್ನು ಮತದಾನ, ಶಾಸನಸಭೆಯ ಮತ, ತೀರ್ಪು ಮುಂತಾದ ದಿನಗಳ ಪಕ್ಕದಲ್ಲಿ ಬರೆಯಿರಿ. ಬ್ರಿಟನ್ನಿನಲ್ಲಿ 1924ರ ಅಕ್ಟೋಬರ್ 29ರಂದು ಚುನಾವಣೆಯಿತ್ತು. ಅದಕ್ಕೆ ನಾಲ್ಕೇ ದಿನ ಮೊದಲು, 25ರಂದು, ‘ಡೇಲಿ ಮೇಲ್’ ಪತ್ರಿಕೆಯು ಸೋವಿಯತ್ ನಾಯಕ ಜಿನೋವಿಯೆವ್ ಬರೆದದ್ದೆನ್ನಲಾದ, ಬ್ರಿಟನ್ನಿನಲ್ಲಿ ಕ್ರಾಂತಿಗೆ ಪ್ರಚೋದಿಸುವ ಪತ್ರವೊಂದನ್ನು ಆಳುತ್ತಿದ್ದ ಲೇಬರ್ ಪಕ್ಷಕ್ಕೆ ಮುಜುಗರವಾಗುವಂತೆ ಪ್ರಕಟಿಸಿತು. ಆ ಪತ್ರ ನಕಲಿಯೆಂಬುದೇ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಪರಿಶೀಲಿಸಿ ಉತ್ತರಿಸುವುದಕ್ಕೆ ಸಮಯವೇ ಉಳಿಯದಂತೆ ಬಂದ ದಾಖಲೆ, ಮೂಲಪ್ರತಿಯನ್ನು ಯಾರಿಗೂ ತೋರಿಸದ ದಾಖಲೆ, ಮತದಾನ ಮುಗಿದ ಮೇಲೆ ಪತ್ರಿಕೆ ತಾನೇ ಮರೆತುಬಿಡುವ ದಾಖಲೆ, ಈ ಮೂರು ಗುಣಗಳೂ ಒಟ್ಟಿಗೆ ಕಂಡರೆ ಕೆಂಪು ಗುರುತು ಹಾಕಿ.

## ಹಂತ 9: ಒಂದೇ ವಾಕ್ಯ, ಹಲವು ಪತ್ರಿಕೆ

ಅನುಮಾನವಿರುವ ವರದಿಯಿಂದ ಒಂದು ವಿಶಿಷ್ಟ ವಾಕ್ಯವನ್ನು ಎತ್ತಿಕೊಂಡು, ಅದೇ ದಿನದ ಬೇರೆ ಪತ್ರಿಕೆಗಳಲ್ಲಿ ಹುಡುಕಿ. ಅಕ್ಷರಕ್ಕೆ ಅಕ್ಷರ ಸಿಕ್ಕರೆ ಮೂಲ ಯಾವುದೆಂದು ನೋಡಿ: ಸುದ್ದಿಸಂಸ್ಥೆಯದಾದರೆ ತಪ್ಪಿಲ್ಲ, ಪಕ್ಷದ ಪತ್ರಿಕಾ ಹೇಳಿಕೆಗೆ ‘ನಮ್ಮ ಪ್ರತಿನಿಧಿಯಿಂದ’ ಎಂದು ಹಾಕಿದ್ದರೆ ಅದು ಮೋಸ, ಹಣ ಪಡೆದ ಬರಹವನ್ನು ಸುದ್ದಿಯ ಅಕ್ಷರವಿನ್ಯಾಸದಲ್ಲೇ ಹಾಕಿದ್ದರೆ ಇನ್ನೂ ದೊಡ್ಡ ಮೋಸ. ನಾತ್ಸಿ ಜರ್ಮನಿಯಲ್ಲಿ ಯಾವುದನ್ನು ಬರೆಯಬೇಕು, ಯಾವ ಪದ ಬಳಸಬೇಕು ಎಂಬ ಸೂಚನೆ ಸರ್ಕಾರದ ದೈನಿಕ ಪತ್ರಿಕಾಗೋಷ್ಠಿಯಿಂದಲೇ ಹೋಗುತ್ತಿತ್ತು, 1933ರ ಅಕ್ಟೋಬರ್‌ನ ಸಂಪಾದಕರ ಕಾಯ್ದೆ ಪತ್ರಕರ್ತರನ್ನು ಆ ವ್ಯವಸ್ಥೆಗೆ ಕಟ್ಟಿಹಾಕಿತ್ತು. ಬೇರೆ ಬೇರೆ ಒಡೆಯರ ಪತ್ರಿಕೆಗಳು ಒಂದೇ ಬೆಳಿಗ್ಗೆ ಒಂದೇ ಹೊಸ ಪದವನ್ನು ಬಳಸತೊಡಗಿದರೆ ಮೊದಲು ಈ ಸಾಧ್ಯತೆಯನ್ನು ಪರೀಕ್ಷಿಸಿ.

## ಹಂತ 10: ನಿಯತಕಾಲಿಕಕ್ಕೆ ಬೇರೆ ಕ್ರಮ

ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಕಾಲಂ ಸೆಂಟಿಮೀಟರ್ ಲೆಕ್ಕ ಹೆಚ್ಚು ಉಪಯೋಗವಾಗದು. ಅಲ್ಲಿ ಒಂದು ವರ್ಷದ ಮುಖಪುಟಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ನಿಂತು ನೋಡಿ. ಯಾರ ಮುಖ ಎಷ್ಟು ಸಲ, ಯಾವ ಬಣ್ಣದಲ್ಲಿ, ಮೇಲಿನಿಂದ ತೆಗೆದದ್ದೋ ಕೆಳಗಿನಿಂದ ತೆಗೆದದ್ದೋ ಎಂಬುದು ಬಿಡಿ ಸಂಚಿಕೆಯಲ್ಲಿ ಕಾಣುವುದಿಲ್ಲ, ಸಾಲಿನಲ್ಲಿ ಕಾಣುತ್ತದೆ.

ಮಾಸಪತ್ರಿಕೆಯ ಬಲ ಅದರ ಅಂದದಲ್ಲಿದೆ. 1930ರಿಂದ ಪ್ರಕಟವಾದ ‘ಯುಎಸ್‌ಎಸ್‌ಆರ್ ಇನ್ ಕನ್ಸ್ಟ್ರಕ್ಷನ್’ ಎಂಬ ಸೋವಿಯತ್ ಮಾಸಪತ್ರಿಕೆ ಹಲವು ಭಾಷೆಗಳಲ್ಲಿ ಹೊರದೇಶಗಳಿಗೆ ಹೋಗುತ್ತಿತ್ತು. ಅದರ 1933ರ ಡಿಸೆಂಬರ್ ಸಂಚಿಕೆಯಲ್ಲಿ ಬಿಳಿ ಸಮುದ್ರ–ಬಾಲ್ಟಿಕ್ ಕಾಲುವೆಯ ಚಿತ್ರಗಳಿವೆ, ತೆಗೆದವನು ಆ ಕಾಲದ ಶ್ರೇಷ್ಠ ಛಾಯಾಗ್ರಾಹಕರಲ್ಲಿ ಒಬ್ಬನಾದ ರಾಡ್‌ಚೆಂಕೊ. ಕಾಲುವೆಯನ್ನು ತೋಡಿದವರು ಕೈದಿಗಳು, ಸಾವಿರಾರು ಜನ ಅಲ್ಲೇ ಸತ್ತರು. ಸಂಚಿಕೆ ಹೇಳುವುದು ದುಡಿಮೆಯಿಂದ ಮನುಷ್ಯರು ಹೊಸಬರಾದರು ಎಂಬ ಕಥೆಯನ್ನು. ಇಂಥ ಪುಟಗಳ ಮುಂದೆ ಕೇಳಬೇಕಾದ ಪ್ರಶ್ನೆ: ಈ ಚಿತ್ರದಲ್ಲಿರುವವರಿಗೆ ತಮ್ಮ ಮಾತು ಹೇಳುವ ಅವಕಾಶ ಇತ್ತೇ?

ಗಂಭೀರ ವಿಚಾರಪತ್ರಿಕೆಗಳಲ್ಲಿ ಹಣದ ಜಾಡೇ ಮುಖ್ಯ. 1953ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಎನ್‌ಕೌಂಟರ್’ ಸಾಹಿತ್ಯ, ಸಂಸ್ಕೃತಿಗಳ ಮಾಸಿಕವಾಗಿತ್ತು. ಒಂದು ಸಾಂಸ್ಕೃತಿಕ ಸಂಘಟನೆಯ ಮೂಲಕ ಅದಕ್ಕೆ ಸಿಐಎ ಹಣ ಬರುತ್ತಿದ್ದುದು 1967ರ ಹೊತ್ತಿಗೆ ಬಯಲಾಯಿತು. ಅಲ್ಲಿ ಬರೆದವರಲ್ಲಿ ಅನೇಕರಿಗೇ ಇದು ತಿಳಿದಿರಲಿಲ್ಲ. ಚಂದಾ ಮತ್ತು ಜಾಹೀರಾತಿನ ಆದಾಯಕ್ಕೆ ಮೀರಿದ ಕಾಗದ, ಮುದ್ರಣ, ಸಂಭಾವನೆ ಕಂಡರೆ ಉಳಿದ ಹಣ ಎಲ್ಲಿಂದ ಎಂದು ಕೇಳಿ.

## ತಕ್ಷಣ ಎಚ್ಚರವಾಗಬೇಕಾದ ಚಿಹ್ನೆಗಳು

ಮೇಲಿನ ಹಂತಗಳೆಲ್ಲ ತಾಳ್ಮೆಯನ್ನು ಬೇಡುತ್ತವೆ. ಒಂದು ಸಂದರ್ಭದಲ್ಲಿ ಮಾತ್ರ ಲೆಕ್ಕ ಮುಗಿಯುವವರೆಗೆ ಕಾಯಬಾರದು. ಒಂದು ಸಮುದಾಯವನ್ನು ಹುಳ, ರೋಗ, ವಿಷ ಎಂದು ಕರೆಯತೊಡಗಿದಾಗ, ಒಬ್ಬನ ಅಪರಾಧವನ್ನು ಇಡೀ ಜನಾಂಗದ ಗುಣವೆಂದು ಬರೆದಾಗ, ಜನರ ಹೆಸರು ವಿಳಾಸಗಳ ಪಟ್ಟಿ ಹಾಕಿದಾಗ ಅದು ಪಕ್ಷಪಾತದ ಗಡಿ ದಾಟಿದೆ. ಜರ್ಮನಿಯಲ್ಲಿ 1923ರಿಂದ ಬರುತ್ತಿದ್ದ ‘ದೆರ್ ಶ್ಟ್ಯೂರ್ಮರ್’ ವಾರಪತ್ರಿಕೆಯು ಯೆಹೂದಿಗಳೇ ನಮ್ಮ ದುರದೃಷ್ಟ ಎಂಬ ಅರ್ಥದ ಸಾಲನ್ನು ಮುಖಪುಟದ ಅಡಿಯಲ್ಲಿ ವರ್ಷಗಟ್ಟಲೆ ಅಚ್ಚುಹಾಕಿತು. ಕೊಳ್ಳದವರೂ ಓದಲೆಂದು ಬೀದಿಗಳಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಅದನ್ನು ಪ್ರದರ್ಶಿಸಲಾಗುತ್ತಿತ್ತು. ಅದರ ಪ್ರಕಾಶಕ ಯೂಲಿಯುಸ್ ಶ್ಟ್ರೈಖರ್ ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ಶಿಕ್ಷೆಗೊಳಗಾಗಿ 1946ರಲ್ಲಿ ಗಲ್ಲಿಗೇರಿದ. ರುವಾಂಡಾದ ‘ಕಂಗುರಾ’ ಪತ್ರಿಕೆ 1990ರ ಡಿಸೆಂಬರ್‌ನಲ್ಲೇ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿಗಳ ವಿರುದ್ಧ ಬಹುಸಂಖ್ಯಾತ ಹುಟುಗಳಿಗೆ ಹತ್ತು ಕಟ್ಟಳೆಗಳನ್ನು ಪ್ರಕಟಿಸಿತ್ತು. ಟುಟ್ಸಿಗಳ ನರಮೇಧ ನಡೆದದ್ದು 1994ರಲ್ಲಿ. ನಡುವೆ ಮೂರು ವರ್ಷಕ್ಕೂ ಹೆಚ್ಚು ಕಾಲವಿತ್ತು. ಇಂಥದನ್ನು ಕಂಡರೆ ಪುಟದ ಸ್ಪಷ್ಟ ಚಿತ್ರ ತೆಗೆದು, ತಾರೀಖು ಸಹಿತ, ಅಂದೇ ಪತ್ರಿಕಾ ನಿಯಂತ್ರಣ ಸಂಸ್ಥೆಗೂ ಕಾನೂನು ಬಲ್ಲವರಿಗೂ ತಲುಪಿಸಿ.

## ಹಂತ 11: ಎರಡನೆಯ ಓದುಗ, ಆಮೇಲೆ ತೀರ್ಪು

ಹಾಳೆಯಿಂದ ಹತ್ತರಲ್ಲಿ ಒಂದು ಸುದ್ದಿಯನ್ನು ಆರಿಸಿ, ನಿಮ್ಮ ಗುರುತುಗಳನ್ನು ಮುಚ್ಚಿ, ಎರಡನೆಯ ಓದುಗರಿಗೆ ಕೊಡಿ. ಅವರು ಅದೇ ನಿಯಮದಂತೆ ತುಂಬಲಿ. ಹತ್ತರಲ್ಲಿ ಎಂಟಕ್ಕಿಂತ ಕಡಿಮೆ ತಾಳೆಯಾದರೆ ನಿಮ್ಮ ನಿಯಮ ಸಡಿಲವಾಗಿದೆ. ಅದನ್ನು ಬಿಗಿಗೊಳಿಸಿ ನಾಲ್ಕನೆಯ ಹಂತಕ್ಕೆ ಮರಳಬೇಕು. ಬೇಸರವಾದರೂ ಇದನ್ನು ತಪ್ಪಿಸುವಂತಿಲ್ಲ.

ತೀರ್ಪು ಬರೆಯುವಾಗ ಅಭಿಪ್ರಾಯವನ್ನು ಅಪರಾಧ ಮಾಡಬೇಡಿ. ಸಂಪಾದಕೀಯ ಪುಟದಲ್ಲಿ ಒಂದು ಪಕ್ಷವನ್ನು ಬಹಿರಂಗವಾಗಿ ಬೆಂಬಲಿಸುವುದು ಪತ್ರಿಕೆಯ ಹಕ್ಕು. ಆ ಬೆಂಬಲ ಸುದ್ದಿಯ ಪುಟಕ್ಕೆ ಸದ್ದಿಲ್ಲದೆ ಹರಿದಿದೆಯೇ ಎಂಬುದಷ್ಟೇ ನಿಮ್ಮ ಪ್ರಶ್ನೆ. ಅಳತೆ, ಭಾಷೆ, ಬಾರದ ಸುದ್ದಿ, ತಾರೀಖು, ಈ ನಾಲ್ಕರಲ್ಲಿ ಕನಿಷ್ಠ ಮೂರು ಒಂದೇ ದಿಕ್ಕಿಗೆ ಬೆರಳು ತೋರಿಸಿದರೆ ಮಾತ್ರ ‘ಪ್ರಚಾರ’ ಎಂಬ ಪದವನ್ನು ಬಳಸಿ. ಒಂದೇ ತೋರಿಸಿದರೆ ‘ಈ ಅಂಶದಲ್ಲಿ ಒಲವು ಕಾಣುತ್ತದೆ’ ಎಂದು ಬರೆದು ನಿಲ್ಲಿಸಿ.

ಪ್ರಕಟಿಸುವ ಮುನ್ನ ಹಾಳೆಯ ಪ್ರತಿಯನ್ನು ಆ ಪತ್ರಿಕೆಯ ಸಂಪಾದಕರಿಗೆ ಕಳುಹಿಸಿ, ಉತ್ತರಕ್ಕೆ ಎರಡು ವಾರ ಕಾಲ ಕೊಡಿ, ಬಂದ ಉತ್ತರವನ್ನು ನಿಮ್ಮ ವರದಿಯಲ್ಲಿ ಪೂರ್ತಿಯಾಗಿ ಸೇರಿಸಿ. ಅವರು ಒಂದು ಅಳತೆ ತಪ್ಪೆಂದು ತೋರಿಸಿದರೆ ಆ ಸಂಚಿಕೆಯನ್ನು ಮತ್ತೆ ಬಿಚ್ಚಿ, ಅಳತೆಪಟ್ಟಿ ಇಟ್ಟು ನೋಡಿ, ತಿದ್ದುಪಡಿಯನ್ನು ತಾರೀಖಿನೊಂದಿಗೆ ಅದೇ ಹಾಳೆಯಲ್ಲಿ ದಾಖಲಿಸಿ.